ಎರಡು ಬಾದಾಮಿ, ಒಂದು ಅಡಿಕೆ

ನನ್ನ ಹೊಟ್ಟೆಯೊಳಗೆ ಗರ್ಭಕೋಶ ಇಲ್ಲ, ಅಂಡಾಶಯ ಎರಡೂ ಇವೆ. ಬರಹವನ್ನು ಹೀಗೆ ಶುರು ಮಾಡಿದರೆ ನಮ್ಮ ಕಡೆಯ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದುಕೊಳ್ಳುತ್ತಾರೆ ಅಂತ ನನಗೆ ಗೊತ್ತು. ನಾನೂ ಹಾಗೆ ಹಿಡಿದುಕೊಂಡವಳೇ. ಆದರೆ ಹೋದ ತಿಂಗಳು ತೀರಿಕೊಂಡ ಒಬ್ಬರ ಬಗ್ಗೆ ಬರೆಯಲು ಕೂತಿದ್ದೇನೆ, ಅವರ ಬಗ್ಗೆ ಬರೆಯುವಾಗ 'ಒಳಗಿನದು', 'ಕೆಳಗಿನದು' ಅಂತ ಹಾರಿಸಿ ಬರೆದರೆ ಅವರಿಗೆ ಸರಿಬರುವುದಿಲ್ಲ. ಊರಿನವರು ಅವರನ್ನು ಅಟೆಂಡರ್ರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೆಣ ಕೊಯ್ದು ಪಾಠ ಹೇಳುತ್ತಾರಲ್ಲ ಆ ವಿಭಾಗದಲ್ಲಿ ಅವರು ಅಟೆಂಡರ್ ಆಗಿದ್ದರು. ಬಂದ ಹೆಣಗಳನ್ನು ತೊಳೆಯುವುದು, ಕೆಡದಂತೆ ಔಷಧಿ ಏರಿಸುವುದು, ತೊಟ್ಟಿಗೆ ಇಳಿಸುವುದು, ಪಾಠದ ದಿನ ಮೇಜಿಗೆ ಎತ್ತಿ ಹಾಕುವುದು, ಗಾಜಿನ ಜಾಡಿಗಳಲ್ಲಿ ಒಂದೊಂದೇ ಅಂಗ ಇಟ್ಟು ಹೆಸರಿನ ಚೀಟಿ ಅಂಟಿಸುವುದು ಅವರ ಕೆಲಸ. ಹೈಸ್ಕೂಲು ದಾಟಿದವರಲ್ಲ. ಆದರೆ ಅದೇ ಪಾಠವನ್ನು ಬಾಗಿಲ ಬಳಿ ನಿಂತು ಮೂವತ್ತು ವರ್ಷ ಕೇಳಿದವರು. ಪ್ರೊಫೆಸರು ಎಲ್ಲಾದರೂ ತಡವರಿಸಿದರೆ ಇವರು ಹಿಂದಿನಿಂದ ಕೆಮ್ಮುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡದ್ದು, ಆದ್ದರಿಂದ ಸ್ವಲ್ಪ ಕಳೆದು ನಂಬಬೇಕು.

ನಿವೃತ್ತಿಯಾದ ಮೇಲೆ ಕೊಟ್ಟಿಗೆಹಾರದ ಹತ್ತಿರ ನಮ್ಮ ಊರಿಗೆ ಬಂದರು. ಅಪ್ಪನ ಕಾಲದ ಒಂದೆಕರೆ ಕಾಫಿ, ಎರಡು ಕೋಣೆಯ ಮನೆ. ಮದುವೆಯಾಗಿರಲಿಲ್ಲ. ನಮ್ಮದು ಬಸ್ ನಿಲ್ಲುವ ಕಡೆ ಇರುವ ದಿನಸಿ ಅಂಗಡಿ. ಒಂದು ಮೂಲೆಯಲ್ಲಿ ಸ್ಟವ್ ಇಟ್ಟುಕೊಂಡು ಕಾಫಿಯನ್ನೂ ಕೊಡುತ್ತೇವೆ. ಅವರು ದಿನಾ ಬೆಳಿಗ್ಗೆ ತೋಟದ ಕೆಲಸ ಮುಗಿಸಿ, ಕೈಯನ್ನು ಮೊಣಕೈವರೆಗೆ ಮೂರು ಸಲ ತೊಳೆದು, ಉಗುರು ನೋಡಿಕೊಂಡು, ಅಂಗಡಿಯ ಬೆಂಚಿಗೆ ಬಂದು ಕೂರುತ್ತಿದ್ದರು. ಅವರು ಕೂತರೆ ಬೆಂಚಿನ ಆ ಕೊನೆಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಔಷಧಿ ವಾಸನೆ ಬರುತ್ತೆ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವರ ಹತ್ತಿರ ಬರುತ್ತಿದ್ದದ್ದು ಸೋಪಿನ ವಾಸನೆ.

ನಾನೂ ಅವರಿಗೆ ಬೇರೆ ಲೋಟ ಇಟ್ಟಿದ್ದೆ. ಅಂಚಿನಲ್ಲಿ ನೆಗ್ಗಿದ ಸ್ಟೀಲ್ ಲೋಟ, ಗಲ್ಲಾಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ. ಅವರು ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಒಂದು ದಿನವೂ ಅದರ ಬಗ್ಗೆ ಮಾತೆತ್ತಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅವರು ಕೆಲವು ಮಾತುಗಳನ್ನು ಆಡಲು ಬಿಡುತ್ತಿರಲಿಲ್ಲ. ಯಾರಾದರೂ ಹೊಟ್ಟೆ ಮುಟ್ಟಿಕೊಂಡು "ಇಲ್ಲೆಂತದೋ ಹಿಡಿದ ಹಾಗಾಗ್ತದೆ" ಅಂದರೆ ಸಾಕು, "ಇಲ್ಲಿ ಅಂದ್ರೆ ಎಲ್ಲಿ? ಅದಕ್ಕೊಂದು ಹೆಸರುಂಟಲ್ಲ" ಅನ್ನುತ್ತಿದ್ದರು. ಘಟ್ಟದ ಕೆಳಗೆ ಅಷ್ಟು ವರ್ಷ ಇದ್ದದ್ದಕ್ಕೆ ಅವರ ಮಾತಿನಲ್ಲಿ 'ಉಂಟು' ಸೇರಿಕೊಂಡಿತ್ತು. ಬಸ್ಸಿಗೆ ಕಾಯುವವರಿಗೆ ಪಿತ್ತಕೋಶ ಎಲ್ಲಿದೆ, ಮೂತ್ರಪಿಂಡ ಎಷ್ಟು ಹಿಂದೆ ಕೂತಿದೆ ಅಂತ ಹೇಳುವುದು ಅವರಿಗೆ ಇಷ್ಟ. ಕೇಳುವವರಿಗೆ ಅಷ್ಟೇನೂ ಇಷ್ಟವಿಲ್ಲ. ಬಸ್ಸು ಬಂದರೆ ಎಲ್ಲರ ಮುಖದಲ್ಲೂ ಬಿಡುಗಡೆ ಕಾಣುತ್ತಿತ್ತು.

ಹೆಣ ತೊಳೆಯುವ ವಿಷಯ ಒಂದೇ ಸಲ ಹೇಳಿದ್ದು. ನಮ್ಮನೆಯವರು ತಮಾಷೆಗೆ, "ಅಟೆಂಡ್ರೇ, ಭಯ ಆಗ್ತಿರಲಿಲ್ವಾ?" ಅಂತ ಕೇಳಿದ್ದರು.

"ಭಯ ಎಂತದ್ದು ಮಾರಾಯ. ವಾರಸುದಾರರಿಲ್ಲದ ಹೆಣಗಳು ಅವು. ಬಸ್‌ಸ್ಟ್ಯಾಂಡಲ್ಲಿ ಸತ್ತವರು, ಆಸ್ಪತ್ರೇಲಿ ಬಿಟ್ಟು ಹೋದವರು. ಬೇರೆಯವರು ದೂರದಲ್ಲಿ ನಿಂತು ಎರಡು ಬಕೆಟ್ ನೀರು ಎರಚಿ ಮುಗಿಸ್ತಿದ್ರು. ನಾನು ಉಜ್ಜಿ ತೊಳೀತಿದ್ದೆ. ಎಲ್ಲ ತೊಳೀತಿದ್ದೆ. ಆ ಒಂದು ಜಾಗ ಬಿಟ್ಟು ತೊಳೆದ್ರೆ ತೊಳೆದ ಹಾಗೇ ಅಲ್ಲ. ನಾವೆಲ್ಲ ಬಂದದ್ದು ಅಲ್ಲಿಂದಲೇ ಅಲ್ವಾ?"

ನಮ್ಮನೆಯವರು ಆಚೆ ತಿರುಗಿ ಅಕ್ಕಿ ಮೂಟೆ ಸರಿಸತೊಡಗಿದರು. ಅವರು ಅಂಥ ಮಾತು ಬಂದರೆ ಯಾವುದಾದರೂ ಮೂಟೆ ಸರಿಸುವ ಜಾತಿಯವರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಆಗ ನನಗೆ ಮೂವತ್ತೊಂಬತ್ತು ವಯಸ್ಸು. ತಿಂಗಳಿಗೆ ಹನ್ನೆರಡು, ಹದಿಮೂರು ದಿನ ಸ್ರಾವ. ಗಲ್ಲಾದ ಹತ್ತಿರ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. ಮಾತ್ರೆ ನುಂಗಿದೆ, ಇಂಜೆಕ್ಷನ್ ಆಯಿತು. ಚಿಕ್ಕಮಗಳೂರಿನ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿ, ಗರ್ಭಕೋಶದಲ್ಲಿ ಗೆಡ್ಡೆಗಳಿವೆ, ತೆಗೆದುಬಿಡೋಣ, ಜೊತೆಗೆ ಎಲ್ಲ ತೆಗೆದರೆ ಮುಂದೆ ತಲೆನೋವಿಲ್ಲ ಅಂದರು ಲೇಡಿ ಡಾಕ್ಟರು. ನಾನು ಹೂಂ ಅಂದು ಬಂದೆ. 'ಎಲ್ಲ' ಅಂದರೆ ಏನು ಅಂತ ಕೇಳಲಿಲ್ಲ.

ನಮ್ಮ ಕಡೆ ಇದಕ್ಕೊಂದು ಕಾಲವಿದೆ. ಕಾಫಿ ಕೊಯ್ಲು ಮುಗಿಯಬೇಕು, ಗಿಡಕ್ಕೆ ಹೂ ಬರಿಸುವ ಹೂಮಳೆ ಬೀಳುವುದಕ್ಕೆ ಮುಂಚೆ ಆಗಬೇಕು. ಆ ನಡುವೆ ತೋಟದಲ್ಲಿ ಕೆಲಸ ಕಡಿಮೆ, ಮನೆಯಲ್ಲಿ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಹೆಂಗಸರು ವರ್ಷವಿಡೀ ನೋವು ಹೊತ್ತುಕೊಂಡು ತಿರುಗಿ, ಕೊಯ್ಲು ಮುಗಿದ ವಾರ ಆಸ್ಪತ್ರೆಗೆ ಸೇರುತ್ತಾರೆ. "ಈ ಸಲ ನಂದೂ ಮುಗಿಸ್ಕೊಂಡೆ" ಅಂತ ಅಂಗಡಿಗೆ ಬಂದು ಹೇಳುತ್ತಾರೆ. ಏನು ತೆಗೆದರು ಅಂತ ಕೇಳಿದರೆ ಚೀಲ ಅನ್ನುತ್ತಾರೆ. ಚೀಲದಲ್ಲಿ ಏನೇನಿತ್ತು ಅಂತ ತೆಗೆಸಿಕೊಂಡವಳಿಗೂ ಗೊತ್ತಿಲ್ಲ, ಕರೆದುಕೊಂಡು ಹೋದ ಗಂಡನಿಗೂ ಗೊತ್ತಿಲ್ಲ.

ಕಳಸದಲ್ಲಿರುವ ನನ್ನ ಅಕ್ಕನೂ ಹಾಗೇ ತೆಗೆಸಿಕೊಂಡಿದ್ದಳು, ಮೂವತ್ತಾರನೇ ವಯಸ್ಸಿನಲ್ಲಿ. ಆಮೇಲೆ ಅವಳು ಮೊದಲಿನ ಅಕ್ಕ ಆಗಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡು ಒಲೆಯ ಮುಂದೆ ಕೂತರೆ ಅವಳು ಸೆರಗಿನಲ್ಲಿ ಬೀಸಿಕೊಳ್ಳುತ್ತಾ ಜಗುಲಿಯಲ್ಲಿ ಕೂರುತ್ತಿದ್ದಳು. ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು. ನಲವತ್ತಾರಕ್ಕೆ ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೆ ಮಣಿಕಟ್ಟು ಮುರಿಯಿತು. ಮನೆಯವರು ಸಂಕಟ ಜಾಸ್ತಿ ಮಾಡ್ಕೊಂಡಿದ್ದಾಳೆ ಅಂದರು. ನಾನೂ ಹಾಗೇ ತಿಳಿದಿದ್ದೆ.

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಕ್ಕೆ ವಾರ ಮುಂಚೆ ಒಂದು ಬೆಳಿಗ್ಗೆ ನಾನು ನಮ್ಮನೆಯವರ ಹತ್ತಿರ, ವಾಪಸ್ ಬಂದ ಮೇಲೆ ಒಂದು ತಿಂಗಳು ಅಂಗಡಿ ಯಾರು ನೋಡುವುದು ಅಂತ ಮಾತಾಡುತ್ತಿದ್ದೆ. ಅಟೆಂಡರ್ರು ಬೆಂಚಿನ ತುದಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಯಾವುದನ್ನ ತೆಗೀತಾರಂತಮ್ಮ?" ಅಂತ ಕೇಳಿದರು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಗಂಡಸು, ಹೊರಗಿನವರು, ಅಂಗಡಿಯ ನಡುವೆ. "ಎಲ್ಲ ಅಂದಿದಾರೆ" ಅಂದೆ, ನೆಲ ನೋಡಿಕೊಂಡು.

"ಎಲ್ಲ ಅಂತ ಒಂದು ಅಂಗ ಇಲ್ಲ ಕಣಮ್ಮ."

ಎದ್ದು ಬಂದು ಕೌಂಟರಿನ ಮುಂದೆ ನಿಂತರು. ಕೇಳದೆ ಯಾವ ವಸ್ತುವನ್ನೂ ಮುಟ್ಟದ ಮನುಷ್ಯ ಅವತ್ತು ಬುಟ್ಟಿಯಿಂದ ಒಂದು ಸೀಬೆಕಾಯಿ ತೆಗೆದು, ತೊಟ್ಟು ಕೆಳಗಾಗಿ ಇಟ್ಟು, "ಇದು ಗರ್ಭಕೋಶ. ನಿಮ್ಮ ಮುಷ್ಟಿಗಿಂತ ದೊಡ್ಡದಲ್ಲ" ಅಂದರು. ಪೊಟ್ಟಣ ಕಟ್ಟುವ ದಾರ ಕತ್ತರಿಸಿ ಎರಡೂ ಪಕ್ಕಕ್ಕೆ ಹರಡಿದರು. "ಇವು ಕೊಳವೆಗಳು." ಆಮೇಲೆ ಬಾಟಲಿಯಿಂದ ಎರಡು ಬಾದಾಮಿ ಕೊಡಿ ಅಂದರು. ಕೊಟ್ಟೆ. ದಾರದ ತುದಿಗೆ ತಾಗದಂತೆ, ಒಂದು ಕೂದಲೆಳೆ ಜಾಗ ಬಿಟ್ಟು ಆ ಕಡೆ ಒಂದು, ಈ ಕಡೆ ಒಂದು ಇಟ್ಟರು.

"ನೋಡಿ, ಅಂಟಿಕೊಂಡಿಲ್ಲ. ಕೊಳವೆಯ ತುದಿಯಲ್ಲಿ ಬೆರಳಿನ ಹಾಗೆ ಝಾಲರಿ ಉಂಟು. ಮೊಟ್ಟೆ ಹೊರಗೆ ಬಂದಾಗ ಅದು ಕೈ ಚಾಚಿ ಹಿಡ್ಕೊಳ್ಬೇಕು. ಪ್ರತಿ ಸಲ ಪಾಠದಲ್ಲಿ ಇದನ್ನ ಕೇಳಿದಾಗ್ಲೂ ನಂಗೆ ಆಶ್ಚರ್ಯವೇ. ಇಷ್ಟು ಜಾಗ ಇದ್ದೂ ತಪ್ಪದೆ ಹಿಡೀತದಲ್ಲ ಅಂತ."

ಕೊನೆಗೆ ಒಂದು ಒಣ ಬಟಾಣಿ ತೆಗೆದು ಮೇಲೆ ತಕ್ಕಡಿಯ ತಟ್ಟೆಯಲ್ಲಿ ಹಾಕಿದರು. ಅದು ತಲೆಯೊಳಗಿನ ಗ್ರಂಥಿಯಂತೆ. ಅಲ್ಲಿಂದ ರಕ್ತದಲ್ಲಿ ಅಪ್ಪಣೆ ಇಳಿಯುತ್ತದೆ, ಅಂಡಾಶಯ ಕೇಳಿ ತನ್ನ ರಸ ಬಿಡುತ್ತದೆ. ಆ ರಸ ಗರ್ಭಕೋಶಕ್ಕೆ ಮಾತ್ರ ಅಲ್ಲ, ಮೂಳೆಗೂ ಬೇಕು, ಚರ್ಮಕ್ಕೂ ಬೇಕು, ನಿದ್ದೆಗೂ ಬೇಕು ಅಂದರು. "ಮಕ್ಕಳಾದ ಮೇಲೆ ಇದಕ್ಕೇನು ಕೆಲಸ ಅಂತೀರಲ್ಲ, ಇವೆರಡು ಇನ್ನೂ ಹತ್ತು ಹನ್ನೆರಡು ವರ್ಷ ದುಡೀತವೆ. ಗೆಡ್ಡೆ ಇರೋದು ಸೀಬೆಕಾಯಲ್ಲಿ. ಬಾದಾಮಿ ಎಂತ ತಪ್ಪು ಮಾಡಿದೆ?"

ನಾನು ಅಕ್ಕನನ್ನು ನೆನೆಸಿಕೊಂಡೆ. ಜಗುಲಿಯಲ್ಲಿ ಸೆರಗು ಬೀಸಿಕೊಳ್ಳುತ್ತಾ ಕೂತ ಅಕ್ಕ. ಕೌಂಟರಿನ ಮೇಲಿನ ಎರಡು ಬಾದಾಮಿ ನೋಡುತ್ತಾ ನನಗೆ ದುಃಖ ಬಂದುಬಿಟ್ಟಿತು. ಹತ್ತು ವರ್ಷ ನಾವು ಅವಳನ್ನು ಸೋಗು ಹಾಕುವವಳು ಅಂತ ಆಡಿಕೊಂಡಿದ್ದೆವು.

ಅಷ್ಟರಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬಳು ಬಂದು, "ಅಕ್ಕ, ಈ ಸೀಬೆಕಾಯಿ ಎಷ್ಟು?" ಅಂದಳು.

"ಅದು ಮಾರೋಕಲ್ಲ" ಅಂದರು ಅಟೆಂಡರ್ರು, ಗಂಭೀರವಾಗಿ.

ನಮ್ಮನೆಯವರು ಮೂಟೆಯ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು ಅಂತ ಆಗಲೇ ಗೊತ್ತಾದದ್ದು. ಅವಳು ಹೋದ ಮೇಲೆ ಮೆಲ್ಲಗೆ ಬಂದು, "ಹೆಂಗಸರದ್ದೇ ಹೇಳಿದ್ರಿ. ಗಂಡಸರಿಗೆ ಗ್ರಂಥಿ ಇಲ್ವಾ?" ಅಂತ ಕೇಳಿದರು. ಅಟೆಂಡರ್ರಿಗೆ ಖುಷಿಯೋ ಖುಷಿ. ಅಡಿಕೆ ಡಬ್ಬಿಯಿಂದ ಒಂದು ಇಡೀ ಗೋಟಡಿಕೆ ತೆಗೆದು ಇಟ್ಟರು. "ಇದು ಪ್ರಾಸ್ಟೇಟ್. ಮೂತ್ರಚೀಲದ ಕೆಳಗೆ ಕೂತಿರ್ತದೆ, ಮೂತ್ರದ ಕೊಳವೆ ಇದರ ನಡುವಿಂದಲೇ ಹೋಗ್ತದೆ. ವೀರ್ಯದಲ್ಲಿ ಒಂದು ಪಾಲು ರಸ ಇದರದ್ದು. ವಯಸ್ಸಾದ ಹಾಗೆ ಇದು ಊದ್ತದೆ, ಕೊಳವೆ ಅಮುಕ್ತದೆ. ಹತ್ತು ಸಲ ಹೋಗ್ಬೇಕು ಅನ್ನಿಸ್ತದೆ, ಹೋದ್ರೆ ತೊಟ್ಟು ತೊಟ್ಟು. ನಮ್ಮ ಕಡೆ ಗಂಡಸರು ಸಾಯ್ತಾರೆ ಹೊರತು ಇದನ್ನ ಬಾಯಿಬಿಟ್ಟು ಹೇಳಲ್ಲ." ನಮ್ಮನೆಯವರು ಮತ್ತೆ ಮೂಟೆಯ ಕಡೆ ಹೋದರು.

ಅಟೆಂಡರ್ರು ನನಗೆ ಮೂರು ಪ್ರಶ್ನೆ ಹೇಳಿಕೊಟ್ಟರು. ಗರ್ಭಕೋಶ ಉಳಿಸೋಕೆ ದಾರಿ ಉಂಟಾ? ಸ್ಕ್ಯಾನಲ್ಲಿ ಅಂಡಾಶಯ ಹೇಗಿದೆ? ಚೆನ್ನಾಗಿದ್ರೆ ಅದನ್ನ ಬಿಡ್ತೀರಾ? "ನಾನು ಡಾಕ್ಟ್ರಲ್ಲ. ನನಗೆ ಪ್ರಶ್ನೆ ಗೊತ್ತು, ಉತ್ತರ ಅವರೇ ಹೇಳ್ಬೇಕು. ತೆಗೀಬೇಕು ಅಂತ ಕಾರಣ ಕೊಟ್ರೆ ತೆಗೆಸಿ. ಸುಮ್ನೆ ತೆಗೀತೀವಿ ಅಂದ್ರೆ ಬೇಡ ಅನ್ನಿ."

ಪ್ರಶ್ನೆ ಕಲಿಯುವುದು ಸುಲಭ, ಬಾಯಿಂದ ಆಡುವುದು ಕಷ್ಟ. 'ಅಂಡಾಶಯ' ಅನ್ನುವಲ್ಲಿ ನನ್ನ ದನಿ ಇಂಗಿಹೋಗುತ್ತಿತ್ತು. ಅವರು ನಾಲ್ಕು ದಿನ ಬೆಂಚಿನಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತು ನೋಡಿ, ನನ್ನಿಂದ ಹೇಳಿಸಿದರು. "ಒಂದು ಕಿಲೋ ಸಕ್ಕರೆ ಅಂತ ಯಾವ ದನೀಲಿ ಹೇಳ್ತೀರಿ? ಅದೇ ದನೀಲಿ ಹೇಳಿ." ನಾಲ್ಕನೇ ದಿನ ನಾನು ಸಕ್ಕರೆಯ ದನಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಲೋಟ ತೊಳೆಯಲು ಎದ್ದರು.

ಡಾಕ್ಟರಮ್ಮನಿಗೆ ಸಿಟ್ಟು ಬರುತ್ತದೆ ಅಂತ ಹೆದರಿದ್ದೆ. ಬರಲಿಲ್ಲ. ಸ್ಕ್ಯಾನಿನ ಹಾಳೆಯನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು. ಗೆಡ್ಡೆಗಳು ಹಲವಿವೆ, ಗರ್ಭಕೋಶ ಉಳಿಸುವುದು ಕಷ್ಟ, ಅಂಡಾಶಯ ಎರಡೂ ಚೆನ್ನಾಗಿವೆ, ಬಿಡಬಹುದು ಅಂದರು. ಮೂಟೆಯಿಲ್ಲದ ಕೋಣೆಯಲ್ಲಿ ನಮ್ಮನೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. "ಇದನ್ನೆಲ್ಲ ಯಾರೂ ಕೇಳಲ್ಲಮ್ಮ" ಅಂದರು ಡಾಕ್ಟರು. "ಎಲ್ಲರೂ ಬೇಗ ಮುಗಿಸಿ ಅಂತಲೇ ಬರ್ತಾರೆ."

ಆಪರೇಷನ್ ದಿನ ಅಟೆಂಡರ್ರು ತಾವಾಗಿಯೇ ನಮ್ಮ ಜೊತೆ ಬಂದರು. ಒಬ್ಬರೇ ಇರ್ತೀರಲ್ಲ ಅಂತ ನಮ್ಮನೆಯವರಿಗೆ ಹೇಳಿದರಂತೆ. ನಾನು ಒಳಗೆ ಮಂಪರಿನಲ್ಲಿದ್ದೆ. ಹೊರಗೆ ಏನಾಯಿತು ಅನ್ನುವುದನ್ನು ನಮ್ಮನೆಯವರು ಆಮೇಲೆ ಹೇಳಿದ್ದು, ಅದೂ ಒಂದೇ ಸಲಕ್ಕಲ್ಲ, ತುಂಡು ತುಂಡಾಗಿ.

ತೆಗೆದದ್ದನ್ನು ಸ್ಟೀಲಿನ ಟ್ರೇಯಲ್ಲಿ ಇಟ್ಟು ಸಿಸ್ಟರ್ ಬಾಗಿಲಿಗೆ ತಂದರು. ಮನೆಯವರಿಗೆ ತೋರಿಸುವುದು ರೂಢಿ. ನಮ್ಮನೆಯವರು ಒಂದು ಸಲ ನೋಡಿ, ಗೋಡೆ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಅಟೆಂಡರ್ರು ಮುಂದೆ ಹೋದರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಗರ್ಭಕೋಶ ಇದೆ, ಕೊಳವೆ ಎರಡಿವೆ, ಬಾದಾಮಿ ಎರಡೂ ಇಲ್ಲ. ಎಣಿಸಿದ ಮೇಲೂ ಅವರು ನೇರವಾಗಲಿಲ್ಲ. ಸಿಸ್ಟರ್, "ಆಯ್ತಾ ಅಜ್ಜ?" ಅಂತ ಕೇಳಬೇಕಾಯಿತು.

ಕುರ್ಚಿಗೆ ಬಂದು ಕೂತ ಅವರ ಕಣ್ಣಲ್ಲಿ ನೀರಿತ್ತಂತೆ. "ನಾನು ನೋಡಿದ್ದೆಲ್ಲ ಜಾಡೀಲಿದ್ದದ್ದು ಮಾರಾಯ" ಅಂದರಂತೆ. "ಒದ್ದೆ ರಟ್ಟಿನ ಬಣ್ಣ. ಮೂವತ್ತು ವರ್ಷ ಅದೇ ಅದರ ಬಣ್ಣ ಅಂದ್ಕೊಂಡಿದ್ದೆ. ಇಷ್ಟು ಕೆಂಪಗೆ ಇರ್ತದೆ ಅಂತ ನಂಗೆ ಗೊತ್ತೇ ಇರಲಿಲ್ಲ."

ನನ್ನ ದೇಹದ ಒಂದು ಭಾಗ ನೋಡಿ ಯಾರಾದರೂ ಹಾಗೆ ಬೆರಗಾದದ್ದು ಅದೊಂದೇ ಸಲ. ಅದೂ ಅದು ನನ್ನಿಂದ ಹೊರಗೆ ಹೋದ ಮೇಲೆ. ನಗಬೇಕೋ ಅಳಬೇಕೋ ತಿಳಿಯದೆ ಹೊಲಿಗೆ ಹಿಡಿದುಕೊಂಡು ಎರಡನ್ನೂ ಮಾಡಿದೆ.

ತಿಂಗಳ ಮೇಲೆ ಅಂಗಡಿಗೆ ಬಂದು ನಾನು ಮಾಡಿದ ಮೊದಲ ಕೆಲಸ, ಆ ನೆಗ್ಗಿದ ಲೋಟವನ್ನು ಗುಜರಿಗೆ ಹಾಕಿದ್ದು. ನಮ್ಮನೆಯವರು ಕುಡಿಯುವ ಲೋಟದಲ್ಲಿ ಅವರಿಗೆ ಕಾಫಿ ಕೊಟ್ಟೆ. ಅವರು ಲೋಟವನ್ನು ಒಂದು ಸುತ್ತು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಕುಡಿದರು. ಆ ಮೇಲೆ ನಾಲ್ಕೈದು ವರ್ಷ ಹೀಗೇ ನಡೆಯಿತು. ಹೆಂಗಸರು ಅಂಗಡಿಗೆ ಬಂದು, ಅವರ ಕಡೆ ನೇರ ನೋಡದೆ, ನನ್ನ ಹತ್ತಿರ ಮೆಲ್ಲಗೆ ಕೇಳುತ್ತಿದ್ದರು. ನಾನು ಕೌಂಟರಿನ ಮೇಲೆ ಸೀಬೆಕಾಯಿ ಇಡುತ್ತಿದ್ದೆ. ಸೀಬೆಕಾಯಿ ಇಲ್ಲದ ಕಾಲದಲ್ಲಿ ಬದನೆಕಾಯಿ. ಅವರು ಬೆಂಚಿನಲ್ಲಿ ಪೇಪರ್ ಓದುವಂತೆ ಕೂತಿದ್ದು, ನಾನು ತಪ್ಪಿದರೆ ಕೆಮ್ಮುತ್ತಿದ್ದರು.

ಆಮೇಲೆ ಒಂದು ದಿನ ಕಾಫಿ ಬೇಡ ಅಂದರು. ಮರುದಿನವೂ ಬೇಡ. ವಾರವಾಯಿತು. ನೀರು ಕೊಟ್ಟರೂ ಒಂದು ಗುಟುಕು. ನನಗೆ ಬೇಜಾರಾಯಿತು. ಹಳೆಯ ಲೋಟದ ವಿಷಯ ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದಾರೋ, ನಾನು ಏನಾದರೂ ಅಂದೆನೋ ಅಂತ ಯೋಚನೆ. ನಮ್ಮನೆಯವರನ್ನು ಕೇಳಿದರೆ, ಕಾಫಿ ಬೆಳೆಯೋನು ಕಾಫಿ ಬಿಟ್ಟ ಅಂದ್ರೆ ಏನೋ ಮನಸ್ಸಿಗೆ ಹತ್ತಿದೆ ಅಂದರು. ಚಿಕ್ಕಮಗಳೂರಿಗೆ ಹೋಗುವ ಕೆಲಸವಿದ್ದರೂ ಅಟೆಂಡರ್ರು ಬಸ್ಸು ಹತ್ತುತ್ತಿರಲಿಲ್ಲ. ಬೆಂಚಿನಲ್ಲಿ ಕೂತವರು ಕಾಲು ಗಂಟೆಗೊಮ್ಮೆ ಎದ್ದು ಹಿಂದಿನ ಸಿಲ್ವರ್ ಓಕ್ ಮರದ ಕಡೆ ಹೋಗುತ್ತಿದ್ದರು, ಹೋದವರು ಬೇಗ ಬರುತ್ತಿರಲಿಲ್ಲ. ಬಂದಾಗ ಹಣೆಯಲ್ಲಿ ಬೆವರು.

ನನಗೆ ಹೊಳೆಯುವುದಕ್ಕೆ ಅಷ್ಟು ದಿನ ಬೇಕಾಯಿತಲ್ಲ ಅಂತ ಈಗಲೂ ನನ್ನ ಮೇಲೆ ಸಿಟ್ಟಿದೆ. "ಎಂತ ಆಗ್ತಿದೆ ಅಟೆಂಡ್ರೇ?" ಅಂತ ಕೇಳಿದೆ.

"ಎಂತ ಇಲ್ಲಮ್ಮ. ಸ್ವಲ್ಪ ಕೆಳಗೆ ತೊಂದರೆ."

ಕೆಳಗೆ ಅಂದರು. ಅವರ ಬಾಯಿಂದ ಆ ಮಾತು.

ನಾನು ಡಬ್ಬಿಯಿಂದ ಒಂದು ಅಡಿಕೆ ತೆಗೆದು ಕೌಂಟರಿನ ಮೇಲೆ, ಅವರ ಮುಂದೆ ಇಟ್ಟೆ. "ಇದಕ್ಕೊಂದು ಹೆಸರುಂಟಲ್ಲ?" ಅಂದೆ.

ಅವರು ಅಡಿಕೆಯನ್ನು ಬೆರಳಲ್ಲಿ ಆ ಕಡೆ ಈ ಕಡೆ ಉರುಳಿಸಿದರು. ಕಿವಿ ಕೆಂಪಗಾಗಿತ್ತು. "ಪ್ರಾಸ್ಟೇಟ್ ಮಾರಾಯ್ತಿ" ಅಂದರು ಕೊನೆಗೆ, ನನಗಷ್ಟೇ ಕೇಳುವಂತೆ. ಅವತ್ತಿನವರೆಗೆ ನನ್ನನ್ನು ಅಮ್ಮ ಬಿಟ್ಟು ಬೇರೆ ಕರೆದವರಲ್ಲ.

"ಸಕ್ಕರೆ ಅಂದ ಹಾಗೆ ಹೇಳಿ."

ನಕ್ಕರು. ಆದರೆ ಹೇಳಲಿಲ್ಲ. ಘಟ್ಟದ ಕೆಳಗೆ ನಿಮ್ಮದೇ ಕಾಲೇಜಿನ ಆಸ್ಪತ್ರೆಯಿದೆ, ಅಲ್ಲಿಗೆ ಹೋಗಿ ಅಂದರೆ ಬಿಲ್‌ಕುಲ್ ಒಪ್ಪಲಿಲ್ಲ. ಅಲ್ಲಿ ಎಲ್ಲ ಗುರುತಿನವರಂತೆ. ಚಿಕ್ಕಮಗಳೂರಿಗೆ ನಾವಿಬ್ಬರೂ ಕಾರು ಮಾಡಿಕೊಂಡು ಕರೆದುಕೊಂಡು ಹೋದೆವು, ದಾರಿಯಲ್ಲಿ ಏಳು ಕಡೆ ನಿಲ್ಲಿಸಿ. ಡಾಕ್ಟರ ಮುಂದೆ ಕೂತ ಮೇಲೂ ಅವರು ಬಾಯಿ ಬಿಡಲಿಲ್ಲ. ಬಸ್ಸಿಗೆ ಕಾಯುವವರಿಗೆಲ್ಲ ಪಾಠ ಹೇಳಿದ ಮನುಷ್ಯ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದರು. ನಾನೇ ಹೇಳಿದೆ, ಹೆಸರು ಹಿಡಿದು, ಎಷ್ಟು ದಿನದಿಂದ, ಎಷ್ಟು ಸಲ, ಹೇಗೆ ಅಂತ ಪೂರ್ತಿ. ನಮ್ಮನೆಯವರು ಈ ಸಲ ಕ್ಯಾಲೆಂಡರ್ ನೋಡಲಿಲ್ಲ. ಊದಿತ್ತು ಅಷ್ಟೇ, ಕೆಟ್ಟದ್ದೇನೂ ಇರಲಿಲ್ಲ. ಆಪರೇಷನ್ ಆಯಿತು. ಎರಡು ತಿಂಗಳಲ್ಲಿ ಬೆಂಚಿಗೆ ಬಂದು ಕೂತು ದಿನಕ್ಕೆರಡು ಲೋಟ ಕಾಫಿ ಕುಡಿಯತೊಡಗಿದರು.

"ಬೇರೆಯವರಿಗೆ ಹೇಳೋಷ್ಟು ಸುಲಭ ಅಲ್ಲ ಮಾರಾಯ್ತಿ" ಅಂದರು ಒಂದು ದಿನ. "ನಾನು ನಾಚಿಕೆ ಇಲ್ಲದವನು ಅಂತ ತಿಳ್ಕೊಂಡಿದ್ದೆ. ಜಾಡಿಗೆ ನಾಚಿಕೆ ಇರಲ್ಲ, ಅಷ್ಟೇ."

ಹೋದ ತಿಂಗಳು ಒಂದು ಬೆಳಿಗ್ಗೆ ಅವರು ಬೆಂಚಿಗೆ ಬರಲಿಲ್ಲ. ನಮ್ಮನೆಯವರು ಹೋಗಿ ನೋಡಿದರೆ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಊರಿನವರೆಲ್ಲ ಕಾಲೇಜಿನ ಆಂಬುಲೆನ್ಸ್ ಬರುತ್ತದೆ ಅಂತ ರಸ್ತೆ ನೋಡುತ್ತಿದ್ದರು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದವರು ದೇಹವನ್ನು ಅಲ್ಲಿಗೇ ಬರೆದಿರುತ್ತಾರೆ ಅಂತ ಎಲ್ಲರ ಲೆಕ್ಕ. ನನಗೆ ಗೊತ್ತಿತ್ತು, ಬರೆದಿರಲಿಲ್ಲ. ಒಮ್ಮೆ ನಾನೇ ಕೇಳಿದ್ದೆ. "ಕೊಟ್ರೆ ಒಳ್ಳೇದೇ. ಆದ್ರೆ ಈಗ ಅಲ್ಲಿ ಅಟೆಂಡರ್ ಆಗಿರೋನಿಗೆ ಕೆಲಸ ಕಲಿಸಿದ್ದು ನಾನು. ಅವನು ನನ್ನ ತೊಳೀಬೇಕಾಗ್ತದೆ. ಬೇಡಮ್ಮ, ನಾಚಿಕೆ" ಅಂದಿದ್ದರು. ತೋಟದ ಮೇಲ್ಬದಿಯಲ್ಲಿ ಮಣ್ಣು ಮಾಡಿ ಅಂತ ಹೇಳಿದ್ದರು.

ಮಣ್ಣು ಮಾಡುವುದಕ್ಕೆ ಮುಂಚೆ ಸ್ನಾನ ಆಗಬೇಕು. ಅವರ ಅಣ್ಣನ ಮಗ ಹೊರನಾಡಿನಿಂದ ಬಂದಿದ್ದ. ಅವನು ಬಾಗಿಲ ಹತ್ತಿರವೇ ನಿಂತಿದ್ದ. ಹಿರಿಯರೊಬ್ಬರು, ಎರಡು ಕೊಡ ನೀರು ಸುರಿದು ವಿಭೂತಿ ಹಚ್ಚಿದರೆ ಆಯ್ತು, ಹೊತ್ತಾಗ್ತದೆ ಅಂದರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಹೆಂಗಸು ನಾನು, ಒಳಗೆ ಹೋಗುವ ಹಾಗಿಲ್ಲ. ವಾರಸುದಾರರಿಲ್ಲದ ಹೆಣಗಳನ್ನು ಉಜ್ಜಿ ತೊಳೆದವರಿಗೆ ಈ ಊರು ದೂರದಿಂದ ಎರಡು ಕೊಡ ಎರಚಿ ಮುಗಿಸುತ್ತದಲ್ಲ ಅಂತ ಅಲ್ಲೇ ನಿಂತೆ.

ಆಗ ನಮ್ಮನೆಯವರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಸೋಪು ಕೊಡು" ಅಂದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಹಿರಿಯರು ಎರಡು ಸಲ ಕೂಗಿದರು. ಒಳಗಿನಿಂದ ನೀರಿನ ಸದ್ದೇ ಬಂತು.

ಹೊರಗೆ ಬಂದವರು ನನ್ನ ಹತ್ತಿರ ಅಂಗಿ ತೆಗೆದುಕೊಳ್ಳುವಾಗ, ಅವರ ಕೈ ಮೊಣಕೈವರೆಗೆ ಒದ್ದೆಯಾಗಿತ್ತು.

"ಎಲ್ಲ ತೊಳೆದೆ" ಅಂದರು. "ಒಂದು ಜಾಗವೂ ಬಿಡಲಿಲ್ಲ."